ತಪ್ಪಿಹೋದ ವಾಲ್ಟ್ಜ್: ತಂಡವಾಗಿ ಬಾಲ್‌ರೂಮ್ ಸ್ಪರ್ಧೆಗೆ ಹೋದಾಗಿನ ಒಂದು ಪ್ರಕರಣ

ಬಾಲ್‌ರೂಮ್ ಸ್ಪರ್ಧೆಗೆ, ಅಂದರೆ ಜೋಡಿಯಾಗಿ ಕುಣಿಯುವ ನೃತ್ಯಗಳ ಸ್ಪರ್ಧೆಗೆ, ಹೊರಟ ತಂಡಗಳು ಹೆಜ್ಜೆ, ಉಡುಪು, ಟಿಕೆಟ್, ಕೋಣೆ ಇವುಗಳ ಬಗ್ಗೆ ವಾರಗಟ್ಟಲೆ ಮಾತಾಡುತ್ತವೆ. ಅಲ್ಲಿಗೆ ಹೋದ ಮೇಲೆ ಶಿಕ್ಷಕರ ಸಮಯ ಯಾರಿಗೆ ಎಷ್ಟು ಸಿಗಬೇಕು ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಮಾತಾಡದೆ ಬಿಟ್ಟರೂ ಆ ಸಮಯ ಹೇಗೋ ಹಂಚಿಹೋಗುತ್ತದೆ. ಹಾಗೆ ತಾನಾಗಿ ಹಂಚಿಹೋದದ್ದರಿಂದ ಹೊಸಬರೊಬ್ಬರು ತಮ್ಮ ಮೊದಲ ವಾಲ್ಟ್ಜ್ ನೃತ್ಯ ಕಳೆದುಕೊಂಡ ಪ್ರಕರಣ ಇದು. ನಾನೂ ಆ ತಂಡದಲ್ಲಿದ್ದೆ. ಇಲ್ಲಿ ಬರುವ ಇಬ್ಬರು ವಿದ್ಯಾರ್ಥಿಗಳೂ ಅವರ ಶಿಕ್ಷಕಿಯೂ ಬರೆಯಲು ಒಪ್ಪಿದ್ದಾರೆ. ಹೆಸರು, ಊರು, ಸ್ಪರ್ಧೆಯ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಸ್ಟುಡಿಯೋ ಚಿಕ್ಕದು. ಶಿಕ್ಷಕರು ಇಬ್ಬರೇ, ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ. ಹೊರಟ ವಿದ್ಯಾರ್ಥಿಗಳು ಹನ್ನೊಂದು ಜನ. ಕಾಲೇಜು ಮುಗಿಸಿದವರಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ. ಒಂದು ಅಮೆಚೂರ್ ಜೋಡಿ ಬಿಟ್ಟರೆ ಉಳಿದವರೆಲ್ಲ ಪ್ರೊ-ಆಮ್ ವಿಭಾಗದಲ್ಲಿ ಹೆಸರು ಕೊಟ್ಟಿದ್ದರು. ಅಂದರೆ ವಿದ್ಯಾರ್ಥಿ ತನ್ನ ಶಿಕ್ಷಕರ ಜೊತೆಗೇ ಫ್ಲೋರ್‌ಗೆ ಇಳಿಯುತ್ತಾನೆ, ತೀರ್ಪುಗಾರರು ನೋಡುವುದು ವಿದ್ಯಾರ್ಥಿಯನ್ನು ಮಾತ್ರ. ಹಾಗಾಗಿ ಒಬ್ಬ ಶಿಕ್ಷಕಿ ಒಂದೇ ಬೆಳಿಗ್ಗೆ ನಾಲ್ಕೈದು ವಿದ್ಯಾರ್ಥಿಗಳ ಜೊತೆ ಒಂದರ ಹಿಂದೊಂದು ಕುಣಿಯಬೇಕಾಗುತ್ತದೆ. ಒಬ್ಬರ ಜೊತೆ ಮುಗಿಸಿ, ಬೆವರು ಒರೆಸಿಕೊಂಡು, ಇನ್ನೊಬ್ಬರ ಕೈ ಹಿಡಿಯುವುದು ಅಲ್ಲಿ ದಿನವಿಡೀ ಕಾಣುವ ದೃಶ್ಯ.

ಇಂಥ ಸ್ಪರ್ಧೆಗಳು ಬಿಡಿ ನೃತ್ಯಗಳ ಹೀಟ್‌ಗಳಾಗಿ, ಅಂದರೆ ಕೆಲವು ಜೋಡಿಗಳು ಒಟ್ಟಿಗೆ ಕುಣಿಯುವ ಸುತ್ತುಗಳಾಗಿ, ಸಾಗುತ್ತವೆ. ಸ್ಟ್ಯಾಂಡರ್ಡ್ ಶೈಲಿಯಲ್ಲಿ ವಾಲ್ಟ್ಜ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್. ಲ್ಯಾಟಿನ್‌ನಲ್ಲಿ ಸಾಂಬಾ, ಚಾ-ಚಾ, ರುಂಬಾ, ಪಾಸೋ ದೋಬ್ಲೆ, ಜೈವ್. ಪ್ರತಿಯೊಂದಕ್ಕೂ ಹೊಸಬರು, ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಹಂತಗಳು, ಮೇಲೆ ವಯೋವರ್ಗಗಳು. ಒಂದು ಹೀಟ್‌ಗೆ ಸಂಗೀತ ಹೆಚ್ಚುಕಡಿಮೆ ಒಂದೂವರೆ ನಿಮಿಷ. ಜೋಡಿಗಳು ಒಳಗೆ ಬರುವುದು, ಹೊರಗೆ ಹೋಗುವುದು ಸೇರಿಸಿದರೆ ಎರಡು ನಿಮಿಷ ಅಂದುಕೊಳ್ಳಬಹುದು. ಯಾರು ಯಾವ ಹೀಟ್‌ನಲ್ಲಿ, ಎಷ್ಟು ಗಂಟೆಗೆ ಅನ್ನುವ ಪಟ್ಟಿ ಕೆಲವು ದಿನ ಮೊದಲೇ ಕೈಗೆ ಬರುತ್ತದೆ.

ಈ ಪ್ರಕರಣದಲ್ಲಿ ಮುಖ್ಯರಾದವರು ಶಿಕ್ಷಕಿಯ ಇಬ್ಬರು ವಿದ್ಯಾರ್ಥಿಗಳು. ಒಬ್ಬರನ್ನು ಹಿರಿಯರು ಅನ್ನುತ್ತೇನೆ. ವಯಸ್ಸಿನಿಂದಲ್ಲ, ಅನುಭವದಿಂದ. ಸಿಲ್ವರ್ ಹಂತ, ಎರಡೂ ಶೈಲಿ, ಮೂರು ದಿನವೂ ಫ್ಲೋರ್ ಮೇಲೆ, ಜೊತೆಗೆ ಎರಡು ಬಹುನೃತ್ಯ ಸ್ಪರ್ಧೆ (ಹಲವು ನೃತ್ಯ ಸೇರಿಸಿ ಒಂದೇ ಫಲಿತಾಂಶ). ಇನ್ನೊಬ್ಬರು ಹೊಸಬರು. ಅರವತ್ತರ ಹೊಸ್ತಿಲಲ್ಲಿ ನೃತ್ಯ ಶುರುಮಾಡಿದವರು, ಮಿತಭಾಷಿ, ತರಗತಿಗೆ ಎಂದೂ ತಡವಾಗಿ ಬಂದವರಲ್ಲ. ಶುಕ್ರವಾರ ಬೆಳಿಗ್ಗೆ ಅವರಿಗೆ ವಾಲ್ಟ್ಜ್, ಟ್ಯಾಂಗೋ, ಕ್ವಿಕ್‌ಸ್ಟೆಪ್, ಅಷ್ಟೇ. ಅವರಿಗೆ ಬರುವ ಮನಸ್ಸಿರಲಿಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಸೇರಿ, "ಬನ್ನಿ, ನಾವೆಲ್ಲ ಜೊತೆಗಿರ್ತೀವಿ" ಅಂತ ಒಪ್ಪಿಸಿದ್ದೆವು.

ಇನ್ನು ಹಣದ ವಿಷಯ. ಇಲ್ಲಿಂದ ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಪ್ರೊ-ಆಮ್‌ನಲ್ಲಿ ವಿದ್ಯಾರ್ಥಿ ತನ್ನ ಪ್ರವೇಶ ಶುಲ್ಕ ಮಾತ್ರ ಕೊಟ್ಟು ಮುಗಿಸುವಂತಿಲ್ಲ. ಶಿಕ್ಷಕರು ಕುಣಿಯುವ ಪ್ರತಿ ನೃತ್ಯಕ್ಕೆ ಅವರ ಶುಲ್ಕ, ಜೊತೆಗೆ ಅವರ ಪ್ರಯಾಣ, ಕೋಣೆ, ಊಟದ ಖರ್ಚಿನಲ್ಲಿ ಒಂದು ಪಾಲು. ಈ ಪಾಲನ್ನು ಕೆಲವು ಸ್ಟುಡಿಯೋಗಳು ತಲೆಗಿಷ್ಟು ಅಂತ ಸಮನಾಗಿ ಹಾಕುತ್ತವೆ, ಕೆಲವು ನೃತ್ಯಗಳ ಸಂಖ್ಯೆಗೆ ತಕ್ಕಂತೆ ಹಾಕುತ್ತವೆ. ನಮ್ಮದು ಎರಡನೇ ರೀತಿ. ಹೆಚ್ಚು ಕುಣಿಯುವವರು ಹೆಚ್ಚು ಕೊಡುವುದು ಮೇಲ್ನೋಟಕ್ಕೆ ನ್ಯಾಯವೇ. ಹೊಸಬರಿಗೆ ಭಾರ ಕಡಿಮೆಯಾಗಲಿ ಅನ್ನುವ ಒಳ್ಳೆಯ ಉದ್ದೇಶವೂ ಅದರಲ್ಲಿತ್ತು.

ಹೊರಡುವ ಮೊದಲೇ ಬಿದ್ದ ಗಂಟುಗಳು

ಎಲ್ಲರೂ ಒಟ್ಟಿಗೆ ಒಂದೇ ವಾಹನದಲ್ಲಿ ಹೋಗುವುದು ಅಂತ ತೀರ್ಮಾನವಾಗಿತ್ತು. ಗುರುವಾರ ಮಧ್ಯಾಹ್ನ ಕೆಲಸ ಮುಗಿಸಿ ಬರುವವರಿಗಾಗಿ ಕಾದು ಹೊರಟಿದ್ದರಿಂದ ಹೋಟೆಲ್ ತಲುಪುವಾಗ ರಾತ್ರಿ ತಡವಾಗಿತ್ತು. ಸ್ಪರ್ಧಿಗಳಿಗೆ ಬಾಲ್‌ರೂಮ್‌ನ ಫ್ಲೋರ್ ತೆರೆದಿಡುವ ಸಂಜೆಯ ಅಭ್ಯಾಸದ ಹೊತ್ತು ಮುಗಿದೇ ಹೋಗಿತ್ತು. ಶನಿವಾರ ಮೊದಲ ಬಾರಿ ಫ್ಲೋರ್‌ಗೆ ಇಳಿಯುವವರಿಗೆ ಇದರಿಂದ ನಷ್ಟವಿರಲಿಲ್ಲ. ಶುಕ್ರವಾರ ಬೆಳ್ಳಂಬೆಳಿಗ್ಗೆ ಇಳಿಯಬೇಕಾಗಿದ್ದವರು ಹೊಸಬರೊಬ್ಬರೇ. ಒಟ್ಟಿಗೆ ಹೋಗಬೇಕು ಅನ್ನುವ ಆಸೆಯ ಬೆಲೆ ಅವರ ಪಾಲಿಗೆ ಬಂತು, ಯಾರಿಗೂ ಅದು ಹೊಳೆದಿರಲಿಲ್ಲ.

ಕೋಣೆ ಹಂಚಿಕೆಯೂ ಹಾಗೆಯೇ. ಸ್ನೇಹ ನೋಡಿ ಹಂಚಿದ್ದರು. ನಾಲ್ಕೂವರೆಗೆ ಎದ್ದು ಕೂದಲು, ಮೇಕಪ್ಪು ಮಾಡಿಸಿಕೊಳ್ಳಬೇಕಾದವರೂ ರಾತ್ರಿ ಹನ್ನೊಂದರವರೆಗೆ ಸ್ಪರ್ಧೆಯಿರುವವರೂ ಒಂದೇ ಕೋಣೆಯಲ್ಲಿದ್ದರು. ಮೂರು ದಿನದಲ್ಲಿ ನಿದ್ದೆ ಎಷ್ಟು ಮುಖ್ಯ ಅಂತ ಬಲ್ಲವರು ಕೋಣೆಗಳನ್ನು ಹೀಟ್ ಪಟ್ಟಿ ಮುಂದಿಟ್ಟುಕೊಂಡೇ ಹಂಚುತ್ತಾರೆ.

ಶುಕ್ರವಾರ ಬೆಳಿಗ್ಗೆ

ಹೊಸಬರ ವಾಲ್ಟ್ಜ್ ಪಟ್ಟಿಯಲ್ಲಿ ಎಂಟೂ ಕಾಲಿಗೆ ಇತ್ತು. ಅವರು ಏಳಕ್ಕೇ ಕೆಳಗೆ ಬಂದಿದ್ದರು. ಬೆನ್ನಿಗೆ ಸಂಖ್ಯೆ ಚುಚ್ಚಿಕೊಳ್ಳಬೇಕು. ಲೀಡ್ ಮಾಡುವವರ, ಅಂದರೆ ಜೋಡಿಯನ್ನು ಮುನ್ನಡೆಸುವವರ ಬೆನ್ನಿಗೆ ಅದು. ನಾಲ್ಕು ಮೂಲೆಗೂ ಪಿನ್ನು ಹಾಕದಿದ್ದರೆ ತಿರುಗುವಾಗ ಕಾಗದ ಮಡಚಿಕೊಂಡು ತೀರ್ಪುಗಾರರಿಗೆ ಸಂಖ್ಯೆ ಕಾಣುವುದಿಲ್ಲ. ತಮ್ಮ ಬೆನ್ನಿಗೆ ತಾವೇ ಪಿನ್ನು ಹಾಕಿಕೊಳ್ಳಲು ಆಗುವುದಿಲ್ಲವಲ್ಲ. ಅವರು ಕೋಟು ಬಿಚ್ಚಿ, ಮಡಿಲ ಮೇಲಿಟ್ಟುಕೊಂಡು, ಬಟ್ಟೆ ಎಳೆದು ನೋಡಿ ನೋಡಿ ಒಬ್ಬರೇ ಚುಚ್ಚುತ್ತ ಕೂತಿದ್ದರಂತೆ. ಕೊನೆಗೆ ಬೇರೆ ಸ್ಟುಡಿಯೋದ ಹೆಂಗಸೊಬ್ಬರು ಬಂದು ಸರಿಮಾಡಿ ಕೊಟ್ಟರು.

ಶಿಕ್ಷಕಿ ಆಗ ಪಕ್ಕದ ಅಭ್ಯಾಸದ ಕೋಣೆಯಲ್ಲಿ ಹಿರಿಯರ ಜೊತೆಗಿದ್ದರು. ಅಂದೇ ಸಂಜೆ ಅವರಿಗೆ ಬಹುನೃತ್ಯ ಸ್ಪರ್ಧೆ, ಫಾಕ್ಸ್‌ಟ್ರಾಟ್‌ನ ಒಂದು ಭಾಗ ಕೈಗೆ ಹತ್ತುತ್ತಿರಲಿಲ್ಲ. ಗಡಿಯಾರ ನೋಡಿಕೊಂಡೇ ಅಭ್ಯಾಸ ಮಾಡಿಸುತ್ತಿದ್ದರು. ಎಂಟಕ್ಕೆ ಬಿಟ್ಟರೂ ಹದಿನೈದು ನಿಮಿಷ ಉಳಿಯುತ್ತದೆ ಅನ್ನುವುದು ಲೆಕ್ಕ.

ಆದರೆ ಅಂದು ಬೆಳಗಿನ ಅಧಿವೇಶನದಲ್ಲಿ ಕೆಲವರು ಹೆಸರು ಹಿಂತೆಗೆದುಕೊಂಡಿದ್ದರು. ಜೋಡಿಯೇ ಇಲ್ಲದ ಹೀಟ್ ನಡೆಯುವುದಿಲ್ಲ. ಹತ್ತು ಹೀಟ್ ಹೀಗೆ ಬಿದ್ದುಹೋದರೆ ಸ್ಪರ್ಧೆ ಪಟ್ಟಿಗಿಂತ ಇಪ್ಪತ್ತು ನಿಮಿಷ ಮುಂದಕ್ಕೆ ಓಡುತ್ತದೆ, ಅಂದರೆ ಹೀಟ್‌ಗಳು ಅಷ್ಟು ಬೇಗ ಬರುತ್ತವೆ. ಪಟ್ಟಿಯಲ್ಲಿ ಅಚ್ಚಾದ ಗಂಟೆ ಬರೀ ಅಂದಾಜು, ಹೀಟ್ ಸಂಖ್ಯೆಯೇ ನಿಜವಾದ ಗಡಿಯಾರ. ಎಂಟಕ್ಕೆ ಇನ್ನೂ ಆರೇಳು ನಿಮಿಷ ಇರುವಾಗಲೇ, ಜೋಡಿಗಳನ್ನು ಸಾಲಾಗಿ ನಿಲ್ಲಿಸುವ ಮೇಲ್ವಿಚಾರಕರು ಹೊಸಬರ ಸಂಖ್ಯೆ ಕರೆದರು. ಅವರು ಎದ್ದು ನಿಂತರು. ಪಕ್ಕದಲ್ಲಿ ಶಿಕ್ಷಕಿ ಇಲ್ಲ. ಇನ್ನೊಮ್ಮೆ ಕರೆದರು. ಉಳಿದ ಜೋಡಿಗಳು ಒಳಗೆ ಹೋದವು, ಸಂಗೀತ ಶುರುವಾಯಿತು.

ಶಿಕ್ಷಕಿ ಓಡಿಬಂದದ್ದು ಆ ವಾಲ್ಟ್ಜ್ ಮುಗಿಯುತ್ತಿದ್ದಾಗ. ಟ್ಯಾಂಗೋಗೆ ಸಿಕ್ಕರು. ಆದರೆ ಟ್ಯಾಂಗೋದಲ್ಲಿ ಇನ್ನೊಂದು ಆಯಿತು. ಸ್ಟುಡಿಯೋದ ಫ್ಲೋರ್ ಚಿಕ್ಕದು. ಉದ್ದದ ಬದಿಯಲ್ಲಿ ಹೊಸಬರ ಹೆಜ್ಜೆಗಳ ಸರಣಿ ಮುಗಿಯುವ ಹೊತ್ತಿಗೆ ಮೂಲೆ ಬರುತ್ತದೆ, ಎದುರಿಗೆ ಕನ್ನಡಿ ಕಾಣುತ್ತದೆ, ಅಲ್ಲಿ ತಿರುಗಬೇಕು. ಹಾಗೇ ಅವರ ಮೈಗೆ ಕೂತಿತ್ತು. ಬಾಲ್‌ರೂಮ್‌ನಲ್ಲಿ ಕನ್ನಡಿಯಿಲ್ಲ, ಸರಣಿ ಮುಗಿದರೂ ಮೂಲೆ ಇನ್ನೂ ದೂರ. ಅವರು ನಡುಬದಿಯಲ್ಲಿ ನಿಂತುಬಿಟ್ಟರು. ಶಿಕ್ಷಕಿ ಪಿಸುಮಾತಿನಲ್ಲಿ ಹೆಜ್ಜೆ ಹೇಳಿ ಮುಂದೆ ನಡೆಸಿದರು. ಹಿಂದಿನ ಜೋಡಿ ಪಕ್ಕಕ್ಕೆ ಸರಿದು ಹೋಯಿತು. ಕ್ವಿಕ್‌ಸ್ಟೆಪ್ ಪರವಾಗಿಲ್ಲ ಅನ್ನುವಂತಿತ್ತು, ಆದರೆ ಅಷ್ಟರಲ್ಲಿ ಅವರ ಮುಖದಲ್ಲಿ ಏನೂ ಉಳಿದಿರಲಿಲ್ಲ.

ಹಿಂದಿನ ಸಂಜೆ ಹತ್ತು ನಿಮಿಷ ಆ ಫ್ಲೋರ್ ಮೇಲೆ ನಡೆದಿದ್ದರೆ ಮೂಲೆಯ ತೊಂದರೆ ಅಲ್ಲೇ ಗೊತ್ತಾಗುತ್ತಿತ್ತು. ಹೀಟ್ ತಪ್ಪಿದ್ದು ಎದ್ದು ಕಾಣುವ ಘಟನೆ. ಫ್ಲೋರ್ ಪರಿಚಯವಿಲ್ಲದೆ ಇಳಿದದ್ದು ಅದಕ್ಕಿಂತ ದೊಡ್ಡದು ಅಂತ ನನ್ನ ಅಭಿಪ್ರಾಯ.

ಮಧ್ಯಾಹ್ನದ ತೀರ್ಮಾನಗಳು

ಊಟದ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಇನ್ನೊಬ್ಬ ಶಿಕ್ಷಕರದು ಒಂದು ನಿಲುವು: ಆದದ್ದು ಆಯಿತು, ಇಂಥದ್ದು ಎಲ್ಲ ಸ್ಪರ್ಧೆಯಲ್ಲೂ ಯಾರಿಗಾದರೂ ಆಗುತ್ತದೆ, ಮುಂದಿನ ಎರಡು ದಿನದ ಕಡೆ ಗಮನ ಕೊಡೋಣ. ಆ ಮಾತು ಕಠಿಣವಾಗಿ ಬಂದದ್ದಲ್ಲ, ಅವರಿಗೂ ಏಳು ಜನ ವಿದ್ಯಾರ್ಥಿಗಳಿದ್ದರು. ಶಿಕ್ಷಕಿ ಒಪ್ಪಲಿಲ್ಲ. "ಉಳಿದವರಿಗೆ ಒಂದು ಹೀಟ್ ಹೋದ್ರೆ ಇನ್ನು ಮೂವತ್ತಿರುತ್ತೆ. ಅವರು ಬಂದಿದ್ದೇ ಮೂರಕ್ಕೆ" ಅಂದರು. ಇಡೀ ಪ್ರಕರಣದಲ್ಲಿ ದಿಕ್ಕು ಬದಲಾದದ್ದು ಈ ಮಾತಿನಿಂದ.

ಅವರು ಮೊದಲು ಹೋಗಿದ್ದು ನೋಂದಣಿ ಮೇಜಿಗೆ. ಅದೇ ವಾಲ್ಟ್ಜ್ ಮತ್ತೆ ಆಡಿಸಲು ಸಾಧ್ಯವೇ ಅಂತ ಕೇಳಿದರು. ಸಾಧ್ಯವಿರಲಿಲ್ಲ, ಆ ಹೀಟ್‌ನ ತೀರ್ಪು ಅಂಕ ಕೂಡಿಸುವ ಸ್ಕ್ರೂಟಿನೀರ್ ಕೈಸೇರಿ ಆಗಿತ್ತು. ಆದರೆ ಇನ್ನೊಂದು ದಾರಿ ಇತ್ತು. ಆ ಸ್ಪರ್ಧೆಯ ನಿಯಮದ ಪ್ರಕಾರ ಒಬ್ಬರು ತಮ್ಮ ವಯೋವರ್ಗದ ಜೊತೆಗೆ ಅದಕ್ಕಿಂತ ಒಂದು ಮೆಟ್ಟಿಲು ಕಿರಿಯ ವರ್ಗದಲ್ಲೂ ಕುಣಿಯಬಹುದು. ಆ ವರ್ಗದ ಹೊಸಬರ ಹಂತದ ವಾಲ್ಟ್ಜ್ ಶನಿವಾರ ಬೆಳಿಗ್ಗೆ. ತಡವಾದ ಪ್ರವೇಶಕ್ಕೆ ಹೆಚ್ಚುವರಿ ಶುಲ್ಕ ಕೊಟ್ಟರೆ ಹೆಸರು ಸೇರಿಸುತ್ತಾರೆ. ಇಂಥ ಅವಕಾಶ ಹಲವು ಕಡೆ ಇರುತ್ತದೆ, ಕೇಳಿದವರಿಗೆ ಮಾತ್ರ ಸಿಗುತ್ತದೆ. ತಂಡದಲ್ಲಿ ಒಬ್ಬರಾದರೂ ನಿಯಮ ಪುಸ್ತಕ ಪೂರ್ತಿ ಓದಿಕೊಂಡು ಬಂದಿರಬೇಕು ಅಂತ ಅಂದೇ ಅನ್ನಿಸಿತು.

ಅಷ್ಟರಲ್ಲಿ ಹೊಸಬರು ಸಂಜೆಯ ರೈಲಿಗೆ ಮನೆಗೆ ಹೋಗುವ ಯೋಚನೆಯಲ್ಲಿದ್ದರು. ಸಿಟ್ಟೇನೂ ಇರಲಿಲ್ಲ. ತಮ್ಮಿಂದ ಯಾರಿಗೂ ತೊಂದರೆ ಬೇಡ ಅನ್ನುವುದೊಂದೇ ಮಾತು. ಶಿಕ್ಷಕಿ ಕ್ಷಮೆ ಕೇಳಿದರು, ಶನಿವಾರದ ದಾರಿ ಹೇಳಿದರು, ಶುಲ್ಕ ಸ್ಟುಡಿಯೋದ್ದು ಅಂದರು. ಒತ್ತಾಯ ಮಾಡಲಿಲ್ಲ, ಸಂಜೆಯವರೆಗೆ ಯೋಚಿಸಿ ಅಂತಷ್ಟೇ ಕೇಳಿಕೊಂಡರು. ಆಗಲೇ ಉತ್ತರ ಕೇಳಿದ್ದರೆ ಬೇಡ ಅನ್ನುವ ಉತ್ತರವೇ ಬರುತ್ತಿತ್ತು ಅಂತ ಹೊಸಬರೇ ನನಗೆ ಆಮೇಲೆ ಹೇಳಿದ್ದಾರೆ.

ನಾವು ಉಳಿದವರು ಏನು ಮಾಡಬೇಕು ಅನ್ನುವ ಚರ್ಚೆಯೂ ಆಯಿತು. ಶನಿವಾರ ಅವರು ಕುಣಿದರೆ ಇಡೀ ತಂಡ ಫ್ಲೋರ್ ಪಕ್ಕದಲ್ಲಿ ನಿಂತು ಅವರ ಸಂಖ್ಯೆ ಕೂಗುವುದು ಅಂತ ಎಲ್ಲರ ಉತ್ಸಾಹ. ಸ್ಪರ್ಧೆಗಳಲ್ಲಿ ತಮ್ಮ ಜೋಡಿಯ ಸಂಖ್ಯೆ ಕೂಗುವುದು ರೂಢಿ. ಬೆಳಿಗ್ಗೆ ಒಬ್ಬರನ್ನೇ ಬಿಟ್ಟದ್ದಕ್ಕೆ ಇದರಿಂದ ಸಮ ಆಗುತ್ತದೆ ಅನ್ನುವ ಭಾವನೆ.

ಸಂಜೆ ಹೊಸಬರು ಒಪ್ಪಿದರು, ಒಂದು ಷರತ್ತಿನ ಮೇಲೆ. ಯಾರೂ ನೋಡಲು ಬರಬಾರದು. ಶಿಕ್ಷಕಿ, ಜೊತೆಗೆ ಪಿನ್ನು ಹಾಕಿಕೊಡಲು ಒಬ್ಬರು, ಅಷ್ಟೇ ಸಾಕು.

ನಮ್ಮಲ್ಲಿ ಕೆಲವರಿಗೆ ಬೇಸರವಾಯಿತು. ಪ್ರೀತಿಯಿಂದ ಬರುತ್ತೇವೆ ಅಂದರೆ ಬೇಡ ಅನ್ನುತ್ತಾರಲ್ಲ ಅಂತ. ಶಿಕ್ಷಕಿ ಅಲ್ಲಿಯೂ ಗಟ್ಟಿಯಾಗಿ ನಿಂತರು. ಅವರು ಹೇಳಿದ ಹಾಗೇ ಆಗಬೇಕು ಅಂದರು. ನನಗೆ ಈ ಷರತ್ತು ಬಹಳ ಮುಖ್ಯವಾಗಿ ಕಾಣುತ್ತದೆ. ಜೊತೆಗಿರುತ್ತೇವೆ ಅಂತ ಮಾತು ಕೊಟ್ಟ ನಾವು, ಜೊತೆ ಅಂದರೆ ಹೇಗಿರಬೇಕು ಅಂತ ಅವರನ್ನು ಕೇಳಿಯೇ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸರಿಯಾದ ಹೊತ್ತಿನಲ್ಲಿ ಒಬ್ಬರು. ಹತ್ತು ಜನ ಕೂಗುವುದು ಅವರಿಗೆ ಇನ್ನೊಂದು ಹೊರೆ.

ಹಿರಿಯರ ಪಾಲು

ಶನಿವಾರ ಬೆಳಿಗ್ಗೆಯ ಹೊತ್ತು ಶಿಕ್ಷಕಿಯಿಂದ ಹಿರಿಯರಿಗೆ ಸಿಗಬೇಕಾಗಿತ್ತು. ಮಧ್ಯಾಹ್ನ ಅವರ ಲ್ಯಾಟಿನ್ ಬಹುನೃತ್ಯ. ಶಿಕ್ಷಕಿ ಹೋಗಿ, ಆ ಹೊತ್ತಿನ ಮುಕ್ಕಾಲು ಪಾಲು ಹೊಸಬರಿಗೆ ಕೊಡುತ್ತೇನೆ ಅಂತ ನೇರವಾಗಿ ಹೇಳಿದರು. ಅವರು ತಕ್ಷಣ ಹ್ಞೂಂ ಅನ್ನಲಿಲ್ಲ. ಅವರ ಪ್ರಶ್ನೆ ಸರಿಯಾದದ್ದೇ: ಶಿಕ್ಷಕಿಯ ಪ್ರಯಾಣ, ಕೋಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ತಲೆಗೆ ಬಂದಿದೆ, ಹಾಗಿದ್ದ ಮೇಲೆ ಅವರ ಹೊತ್ತು ಯಾರದು?

ಅವರನ್ನು ಸ್ವಾರ್ಥಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ವರ್ಷವಿಡೀ ದುಡಿದು, ಉಳಿಸಿ, ಈ ಮೂರು ದಿನಕ್ಕಾಗಿ ಕಾದವರು ಅವರು. ಖರ್ಚು ಹಂಚಿದ ರೀತಿಯೇ ಅವರಿಗೆ ಒಂದು ಹಕ್ಕು ಕೊಟ್ಟಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹಾಗೆಯೇ ಯಾರೂ ಅಲ್ಲಗಳೆದೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಶಿಕ್ಷಕಿ ಯಾಕೆ ಅಭ್ಯಾಸದ ಕೋಣೆಯಲ್ಲಿದ್ದರು ಅನ್ನುವುದಕ್ಕೆ ಉತ್ತರ ಇಲ್ಲಿದೆ. ಹೀಟ್ ಮುಂದಕ್ಕೆ ಓಡಿದ್ದು ನೆಪ. ನೃತ್ಯಗಳ ಲೆಕ್ಕದಲ್ಲಿ ಹಣ ಹಂಚಿದಾಗ ಶಿಕ್ಷಕಿಯ ಹೊತ್ತೂ ಅದೇ ಲೆಕ್ಕದಲ್ಲಿ ಹಂಚಿಹೋಗಿತ್ತು. ಕಡಿಮೆ ಕುಣಿಯುವವರಿಗೆ ಕಡಿಮೆ ಹೊತ್ತು. ಆದರೆ ಕಡಿಮೆ ಕುಣಿಯುವವರು ಹೆಚ್ಚಾಗಿ ಮೊದಲ ಬಾರಿ ಬಂದವರು. ಶಿಕ್ಷಕರು ಪಕ್ಕದಲ್ಲಿರುವ ಅಗತ್ಯ ಅವರಿಗೆ ಎಲ್ಲರಿಗಿಂತ ಹೆಚ್ಚು.

ಕೊನೆಗೆ ಹಿರಿಯರು ಒಪ್ಪಿದರು. ಮನಸಾರೆ ಒಪ್ಪಿದರು ಅಂತ ಬರೆಯಲಾರೆ, ಆದರೆ ಒಪ್ಪಿದ ಮೇಲೆ ಹಿಂದೆ ಸರಿಯಲಿಲ್ಲ.

ಶನಿವಾರ

ಅಧಿವೇಶನ ಶುರುವಾಗುವ ಮೊದಲು ಬಾಲ್‌ರೂಮ್ ಖಾಲಿ ಇರುತ್ತದೆ. ಆರೂಮುಕ್ಕಾಲಿಗೆ ಶಿಕ್ಷಕಿ, ಹೊಸಬರು ಅಲ್ಲಿದ್ದರು. ಪಿನ್ನು ಹಾಕುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ನಾನೂ ಇದ್ದೆ.

ಶಿಕ್ಷಕಿ ಮೊದಲು ಕುಣಿಸಲೇ ಇಲ್ಲ. ಫ್ಲೋರ್‌ನ ಸುತ್ತ ಸುಮ್ಮನೆ ನಡೆಸಿದರು, ನೃತ್ಯ ಸಾಗುವ ದಿಕ್ಕಿನಲ್ಲಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಗೋಡೆ ಯಾವಾಗಲೂ ಬಲಕ್ಕೆ, ಕೋಣೆಯ ನಡುವು ಎಡಕ್ಕೆ. ಪ್ರತಿ ಮೂಲೆಯಲ್ಲಿ ನಿಲ್ಲಿಸಿ, ಇಲ್ಲಿಂದ ಏನು ಕಾಣುತ್ತದೆ ಅಂತ ಕೇಳಿದರು. ಒಂದು ಮೂಲೆಯಲ್ಲಿ ನಿರೂಪಕರ ಮೇಜು, ಇನ್ನೊಂದರಲ್ಲಿ ಬಾಗಿಲು, ಮೂರನೆಯದರಲ್ಲಿ ಸ್ಪೀಕರ್ ಪೆಟ್ಟಿಗೆ, ನಾಲ್ಕನೆಯದರಲ್ಲಿ ಹೂಕುಂಡ. ಕನ್ನಡಿಯ ಜಾಗಕ್ಕೆ ಈ ನಾಲ್ಕು ಗುರುತು ಬಂದವು. ಆಮೇಲೆ ಸರಣಿ. ನ್ಯಾಚುರಲ್ ಟರ್ನ್, ಕ್ಲೋಸ್ಡ್ ಚೇಂಜ್, ರಿವರ್ಸ್ ಟರ್ನ್, ಮತ್ತೆ ಕ್ಲೋಸ್ಡ್ ಚೇಂಜ್. ಸ್ಟುಡಿಯೋದಲ್ಲಿ ಇಷ್ಟಾದರೆ ಮೂಲೆ, ಅಲ್ಲಿ ಸ್ಪಿನ್ ಟರ್ನ್. ಇಲ್ಲಿ ಮೂಲೆ ಬರುವವರೆಗೆ ಅದನ್ನೇ ಇನ್ನೊಮ್ಮೆ ಮಾಡಿ, ಗುರುತು ಹತ್ತಿರ ಬಂದಾಗ ಮಾತ್ರ ಸ್ಪಿನ್ ಟರ್ನ್ ಅಂದರು. ಹೊಸದೇನೂ ಕಲಿಸಲಿಲ್ಲ. ವಾಲ್ಟ್ಜ್‌ನ ವೇಗ ನಿಮಿಷಕ್ಕೆ 28ರಿಂದ 30 ಬಾರ್, ಬಾರ್ ಅಂದರೆ ಮೂರು ಎಣಿಕೆಯ ತಾಳದ ಒಂದು ಆವರ್ತ. ಒಂದೂವರೆ ನಿಮಿಷಕ್ಕೆ ಹೆಚ್ಚೆಂದರೆ 45 ಬಾರ್. "ಇಷ್ಟರಲ್ಲಿ ನಿಮ್ಮ ಹತ್ರ ಇರೋ ಹೆಜ್ಜೆ ಧಾರಾಳ ಸಾಕು" ಅಂತ ಅವರು ಹೇಳಿದಾಗ ಹೊಸಬರ ಭುಜ ಕೆಳಗಿಳಿದದ್ದು ನನಗೆ ಕಂಡಿತು.

ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಅವರ ಬೂಟಿನ ಸ್ವೀಡ್ ಅಟ್ಟೆ (ಒರಟು ಮೈಯ ಚರ್ಮದ್ದು) ಶುಕ್ರವಾರದ ಧೂಳು ಮೆತ್ತಿಕೊಂಡು ನುಣುಪಾಗಿತ್ತು. ಕಾಲು ಜಾರುವ ಭಯದಿಂದ ಮೊಣಕಾಲು ಬಿಗಿಹಿಡಿದು ನಡೆಯುತ್ತಿದ್ದರು, ಅದು ನೋಡುವವರಿಗೆ ಗಾಬರಿಯ ಹಾಗೆ ಕಾಣುತ್ತಿತ್ತು. ತಂತಿ ಬ್ರಶ್‌ನಿಂದ ಅಟ್ಟೆ ಉಜ್ಜಿ ಚರ್ಮದ ಎಳೆ ಎಬ್ಬಿಸಿದ ಮೇಲೆ ಹಿಡಿತ ಬಂತು. ಶುಕ್ರವಾರ ಈ ಬ್ರಶ್ ಇದ್ದದ್ದು ಮೇಲಿನ ಕೋಣೆಯ ಯಾರದೋ ಚೀಲದಲ್ಲಿ.

ಬಾಗಿಲ ಬಳಿ ತಂಡದ ಇನ್ನೊಬ್ಬರು ಕೂತು, ಈಗ ಯಾವ ಹೀಟ್ ನಡೆಯುತ್ತಿದೆ ಅಂತ ಹತ್ತು ಹೀಟ್‌ಗೊಮ್ಮೆ ಎಲ್ಲರಿಗೂ ಸಂದೇಶ ಕಳಿಸುತ್ತಿದ್ದರು. ಶನಿವಾರವೂ ಸ್ವಲ್ಪ ಮುಂದಕ್ಕೆ ಓಡಿತು, ಆದರೆ ಯಾರಿಗೂ ಅದು ಗಾಬರಿಯ ವಿಷಯವಾಗಲಿಲ್ಲ.

ಅವರ ವಾಲ್ಟ್ಜ್ ಹೇಗಿತ್ತು? ಮೊದಲ ಉದ್ದದ ಬದಿ ಚೆನ್ನಾಗಿ ಹೋಯಿತು. ಮೇಜಿನ ಮೂಲೆಯಲ್ಲಿ ಸ್ಪಿನ್ ಟರ್ನ್ ಸರಿಯಾಗಿ ಬಿತ್ತು. ಎರಡನೇ ಉದ್ದದ ಬದಿಯಲ್ಲಿ ಒಂದು ಜೋಡಿ ನಡುವಿನಿಂದ ಅಡ್ಡ ಬಂತು. ಲೀಡ್ ಮಾಡುವವರಿಗೆ ಹೆಜ್ಜೆಗಿಂತ ಕಷ್ಟದ್ದು ಇದು. ಎದುರಿನ ಜಾಗ ನೋಡಿ, ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ಅವರು ನ್ಯಾಚುರಲ್ ಟರ್ನ್‌ನ ಅರ್ಧಕ್ಕೆ ಹೆಸಿಟೇಷನ್ ಚೇಂಜ್‌ಗೆ ಹೊರಳಿ, ಆ ಜೋಡಿ ದಾಟುವಷ್ಟು ಹೊತ್ತು ತಡೆದು, ರಿವರ್ಸ್‌ನಿಂದ ಮುಂದುವರಿದರು. ಶಿಕ್ಷಕಿ ಹೇಳಿಕೊಟ್ಟದ್ದಲ್ಲ, ಅವರದೇ ತೀರ್ಮಾನ. ಸಂಗೀತ ನಿಂತಾಗ ಶಿಕ್ಷಕಿ ಹೇಳಿದ ಮೊದಲ ಮಾತು ಅದರ ಬಗ್ಗೆಯೇ.

ಐದು ಜೋಡಿಗಳಲ್ಲಿ ಅವರಿಗೆ ನಾಲ್ಕನೇ ಸ್ಥಾನ. ಅಂಕಪಟ್ಟಿ ಓದುವುದು ಹೇಗೆ ಅಂತ ಅವರು ಕೇಳಿದರು. 1920ರಲ್ಲಿ ಶುರುವಾದ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ನೃತ್ಯೋತ್ಸವದಂಥ ದೊಡ್ಡ ಕಡೆಯಾಗಲಿ, ಹೋಟೆಲ್‌ನಲ್ಲಿ ನಡೆಯುವ ಇಂಥ ಸ್ಪರ್ಧೆಯಾಗಲಿ, ಅಂತಿಮ ಸ್ಥಾನ ತೀರ್ಮಾನವಾಗುವುದು ಸ್ಕೇಟಿಂಗ್ ಪದ್ಧತಿಯಲ್ಲಿ. ಅಂಕಗಳ ಸರಾಸರಿ ತೆಗೆಯುವುದಿಲ್ಲ, ತೀರ್ಪುಗಾರರ ಬಹುಮತ ನೋಡುತ್ತಾರೆ. ಐವರು ತೀರ್ಪುಗಾರರು ಅವರಿಗೆ ಕೊಟ್ಟಿದ್ದ ಸ್ಥಾನಗಳು 2, 3, 4, 4, 5. ಮೂರನೇ ಸ್ಥಾನ ಅಥವಾ ಅದಕ್ಕಿಂತ ಮೇಲೆ ಇಟ್ಟವರು ಇಬ್ಬರೇ, ಬಹುಮತಕ್ಕೆ ಮೂವರು ಬೇಕು. ನಾಲ್ಕು ಅಥವಾ ಅದಕ್ಕಿಂತ ಮೇಲೆ ಅಂದಾಗ ನಾಲ್ವರು ಸಿಗುತ್ತಾರೆ. ಹಾಗಾಗಿ ನಾಲ್ಕನೆಯದು. ಎರಡನೇ ಸ್ಥಾನ ಕೊಟ್ಟ ತೀರ್ಪುಗಾರರು ಎರಡನೇ ಉದ್ದದ ಬದಿಯಲ್ಲಿ ನಿಂತಿದ್ದವರಿರಬೇಕು ಅಂತ ಶಿಕ್ಷಕಿಯ ಊಹೆ. ಹೊಸಬರಿಗೆ ಆ 2 ಅಂಕಿ ಬಹಳ ಇಷ್ಟವಾಯಿತು.

ಹಿರಿಯರಿಗೆ ಅಂದು ಮಧ್ಯಾಹ್ನ ನಾಲ್ಕನೇ ಸ್ಥಾನ ಬಂತು, ಹಿಂದಿನ ಬಾರಿಗಿಂತ ಒಂದು ಸ್ಥಾನ ಕೆಳಗೆ. ಬೆಳಗಿನ ಅಭ್ಯಾಸ ಪೂರ್ತಿ ಸಿಕ್ಕಿದ್ದರೆ ಬೇರೆ ಆಗುತ್ತಿತ್ತೇ ಅಂತ ಯಾರೂ ಹೇಳಲಾರರು. ಸಾಂಬಾದಲ್ಲಿ ಅವರಿಗೆ ಒಂದು ಕಡೆ ತಾಳ ತಪ್ಪಿತ್ತು, ಬೆಳಿಗ್ಗೆ ಸರಿಮಾಡಿಕೊಳ್ಳಬೇಕೆಂದಿದ್ದ ಜಾಗವೇ ಅದು. ಈ ನಷ್ಟವನ್ನು ಮರೆಮಾಚಿ ಬರೆದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಒಬ್ಬರಿಗೆ ಕೊಟ್ಟ ಹೊತ್ತು ಇನ್ನೊಬ್ಬರಿಂದ ಬಂದದ್ದು.

ಊರಿಗೆ ಮರಳಿದ ಮೇಲೆ

ಸ್ಟುಡಿಯೋದಲ್ಲಿ ಎಲ್ಲರೂ ಕೂತು ಮಾತಾಡಿದೆವು. ಮೊದಲು ಎದ್ದ ಪ್ರಶ್ನೆ ಹಣದ್ದೇ, ಎತ್ತಿದವರು ಹಿರಿಯರೇ. ಹೊತ್ತನ್ನು ಅಗತ್ಯ ನೋಡಿ ಹಂಚುವುದಾದರೆ ಖರ್ಚನ್ನು ನೃತ್ಯಗಳ ಲೆಕ್ಕದಲ್ಲಿ ಹಂಚಬೇಡಿ ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಈಗ ಶಿಕ್ಷಕರ ಪ್ರಯಾಣ, ವಸತಿಯ ಖರ್ಚು ತಲೆಗಿಷ್ಟು ಸಮ. ಕುಣಿಯುವ ಪ್ರತಿ ನೃತ್ಯದ ಶುಲ್ಕ ಅವರವರದು. ಸಮಪಾಲು ಕೊಟ್ಟವರಿಗೆ ಖಚಿತವಾಗಿ ಸಿಗುವುದೇನು ಅಂತಲೂ ಬರೆದಿಟ್ಟಿದ್ದೇವೆ: ಸ್ಪರ್ಧೆಯ ಫ್ಲೋರ್ ಮೇಲೆ ಶಿಕ್ಷಕರ ಜೊತೆ ಒಂದು ಸುತ್ತು ನಡಿಗೆ, ಮತ್ತು ಮೊದಲ ಹೀಟ್‌ಗೆ ಇಪ್ಪತ್ತು ಹೀಟ್ ಮುಂಚಿನಿಂದ ಶಿಕ್ಷಕರು ಪಕ್ಕದಲ್ಲಿರುವುದು. ಗಂಟೆಯ ಲೆಕ್ಕ ಬಿಟ್ಟು ಹೀಟ್‌ಗಳ ಲೆಕ್ಕ ಹಿಡಿದದ್ದು ಬೇಕೆಂದೇ. ಇದಾದ ಮೇಲೆ ಉಳಿದ ಅಭ್ಯಾಸದ ಹೊತ್ತು ಬೇಕಾದವರು ಬೇರೆಯಾಗಿ ಕೊಟ್ಟು ತೆಗೆದುಕೊಳ್ಳಬಹುದು, ಅದನ್ನು ಮತ್ತೆ ಯಾರೂ ಕಿತ್ತುಕೊಳ್ಳುವಂತಿಲ್ಲ. ಹಿರಿಯರಿಗೆ ಬೇಕಾಗಿದ್ದ ಭರವಸೆ ಇದು.

ಸಮಪಾಲಿನಿಂದ ಹೊಸಬರ ಮೇಲಿನ ಹೊರೆ ಹೆಚ್ಚಾಗಿದೆ. ಮೂರೇ ನೃತ್ಯಕ್ಕೆ ಬರುವವರು ಅಷ್ಟು ಕೊಡಬೇಕೇ ಅಂತ ಕೆಲವರು ಹಿಂಜರಿಯುತ್ತಾರೆ. ಹಾಗಾಗಿ ಮೊದಲ ಬಾರಿ ಬರುವವರ ಪಾಲಿನಲ್ಲಿ ಅರ್ಧವನ್ನು ಸ್ಟುಡಿಯೋ ಹೊರುತ್ತದೆ. ಇದು ಎಷ್ಟು ಕಾಲ ನಡೆಯುತ್ತದೆ ಅಂತ ಗೊತ್ತಿಲ್ಲ. ಸ್ಟುಡಿಯೋದ ಆದಾಯ ದೊಡ್ಡದೇನಲ್ಲ.

ಪ್ರಯಾಣವೂ ಎರಡು ಭಾಗವಾಗಿದೆ. ಮೊದಲ ದಿನ ಬೆಳಿಗ್ಗೆ ಕುಣಿಯುವವರು, ಅವರ ಶಿಕ್ಷಕರು, ಇನ್ನೊಬ್ಬ ಜೊತೆಗಾರರು ಹಿಂದಿನ ದಿನ ಬೇಗ ಹೊರಡುತ್ತಾರೆ. ಎಲ್ಲರೂ ಹಾಡು ಹೇಳಿಕೊಂಡು ಒಂದೇ ವಾಹನದಲ್ಲಿ ಹೋಗುತ್ತಿದ್ದ ಸಂತೋಷ ಹೋಯಿತು ಅಂತ ಕೆಲವರು ಈಗಲೂ ಹೇಳುತ್ತಾರೆ, ನನಗೂ ಆ ಬೇಸರ ಇದೆ. ಆದರೆ ಸಂಜೆಯ ಅಭ್ಯಾಸದ ಫ್ಲೋರ್ ಸಿಗುವುದು ಅದಕ್ಕಿಂತ ದೊಡ್ಡದು.

ಜೊತೆಗಾರರನ್ನು ಆರಿಸುವುದು ಕುಣಿಯುವವರೇ. ಎಷ್ಟು ಜನ ನೋಡಲು ಬರಬಹುದು, ಸಂಖ್ಯೆ ಕೂಗಬೇಕೇ ಬೇಡವೇ, ಅಂಕಪಟ್ಟಿಯನ್ನು ಎಲ್ಲರ ಮುಂದೆ ನೋಡಬೇಕೇ ಒಬ್ಬರೇ ನೋಡಬೇಕೇ ಅಂತ ಹೊರಡುವ ಮೊದಲೇ ಒಬ್ಬೊಬ್ಬರನ್ನೂ ಕೇಳುತ್ತೇವೆ. ಉತ್ತರಗಳು ನಾವು ಅಂದುಕೊಂಡದ್ದಕ್ಕಿಂತ ಬೇರೆ ಬೇರೆ ಇರುತ್ತವೆ. ಯಾವಾಗಲೂ ಗಲಗಲ ಮಾತಾಡುವ ಒಬ್ಬರು, ಹೀಟ್‌ಗೆ ಮೊದಲು ಯಾರೂ ತಮ್ಮನ್ನು ಮಾತಾಡಿಸಬಾರದು ಅಂತ ಬರೆದುಕೊಟ್ಟಿದ್ದರು.

ಬಗೆಹರಿಯದ ಒಂದು ತೊಡಕು ಉಳಿದಿದೆ. ಇನ್ನೊಬ್ಬ ಶಿಕ್ಷಕರ ಬಳಿ ಈಗ ಇಬ್ಬರು ಹೊಸಬರಿದ್ದಾರೆ, ಮುಂದಿನ ಸ್ಪರ್ಧೆಯ ಪಟ್ಟಿಯಲ್ಲಿ ಇಬ್ಬರ ಮೊದಲ ಹೀಟ್‌ಗಳ ನಡುವೆ ಆರು ಹೀಟ್ ಅಂತರವಷ್ಟೇ. ಇಪ್ಪತ್ತು ಹೀಟ್ ಮುಂಚಿನ ನಿಯಮ ಇಬ್ಬರಿಗೂ ಪೂರ್ತಿ ಸಿಗುವಂತಿಲ್ಲ. ಎರಡನೆಯವರ ಪಕ್ಕ ಶಿಕ್ಷಕರ ಬದಲು ಕಳೆದ ಬಾರಿಯ ಹೊಸಬರು ಇರಲಿ ಅಂತ ಯಾರೋ ಸೂಚಿಸಿದರು. ಅವರು ಒಪ್ಪಿಕೊಂಡಿದ್ದಾರೆ, ತಾವೇ ಒಂದು ತಂತಿ ಬ್ರಶ್ ಕೊಂಡಿದ್ದಾರೆ. ತಮ್ಮ ಸ್ವಂತ ನೃತ್ಯಗಳನ್ನು ಈ ಬಾರಿ ಐದಕ್ಕೆ ಏರಿಸಿ, ಎಲ್ಲವನ್ನೂ ಮಧ್ಯಾಹ್ನದ ಅಧಿವೇಶನಕ್ಕೆ ಬರೆಸಿದ್ದಾರೆ.